ಅಂಬಿಕಾನ ತಾಯಿ

ಬಾಗಲಕೋಟೆಗೆ ಹೋಗುವುದು ಗಟ್ಟಿಯಾದ ದಿನ ಸಿದ್ದವ್ವ ಗಂಡನ ತಾಟಿಗೆ ರೊಟ್ಟಿ ಹಾಕುತ್ತ ಒಂದೇ ಮಾತು ಹೇಳಿದಳು.

"ಮನಿ ಎಂಥಾದರ ಇರಲಿ, ಅಂಬಿ ಸಾಲಿ ಮಾತ್ರ ಚೊಲೋದು ಇರಬೇಕು ನೋಡ್ರಿ."

ಶಿವಸಂಗಪ್ಪ ಹೂಂ ಅಂದು ಇನ್ನಷ್ಟು ಪಲ್ಯ ಕೇಳಿದ. ಹೆಂಡತಿಯ ಮಾತಿಗೆ ಎದುರಾಡುವ ಜಾಯಮಾನ ಅವನದಲ್ಲ. ಎಲ್ಲದಕ್ಕೂ ಹೂಂ ಅನ್ನುವುದು, ಆಮೇಲೆ ತನಗೆ ಬೇಕಾದ್ದು ಮಾಡುವುದು, ಇದು ಅವನ ಹುಟ್ಟುಗುಣ. ಇಳಕಲ್ಲಿನ ಆ ಓಣಿಗೆಲ್ಲ ಇದು ಗೊತ್ತಿತ್ತು. ಕಟ್ಟಿಕೊಂಡ ಹೆಂಡತಿಗೆ ಮಾತ್ರ ಇಷ್ಟು ವರ್ಷ ಬಾಳಿದರೂ ಗೊತ್ತಾಗಿರಲಿಲ್ಲ.

ಎಂಬತ್ನಾಲ್ಕನೇ ಇಸವಿಯ ಬೇಸಿಗೆ ಅದು. ಪವರ್‌ಲೂಮುಗಳ ಸದ್ದು ಓಣಿಯಿಂದ ಓಣಿಗೆ ಹಬ್ಬಿ, ಕೈಮಗ್ಗದವರು ಒಬ್ಬೊಬ್ಬರೇ ಬೇರೆ ದಾರಿ ಹುಡುಕುತ್ತಿದ್ದರು. ಶಿವಸಂಗಪ್ಪನಿಗೆ ನೇಯುವ ಕೈಗಿಂತ ಮಾತಾಡುವ ಬಾಯಿ ಚುರುಕು. ಅದನ್ನು ಕಂಡ ಸಾವಕಾರರು ಬಾಗಲಕೋಟೆಯಲ್ಲಿ ಹೊಸದಾಗಿ ತೆರೆದ ತಮ್ಮ ಸೀರೆ ಅಂಗಡಿಗೆ ಅವನನ್ನು ಕರೆದರು. ಮಗಳು ಅಂಬವ್ವ ಏಳನೇತ್ತಾ ಪಾಸಾಗಿದ್ದಳು, ಅದೂ ಇಡೀ ಸಾಲಿಗೆ ಮೊದಲಿಗಳಾಗಿ. ಇನ್ನು ಹೈಸ್ಕೂಲು ಸೇರಬೇಕಿತ್ತು.

ಸಿದ್ದವ್ವ ಮಾತ್ರ ಸಾಲಿಯ ಕಟ್ಟೆ ಹತ್ತಿದವಳಲ್ಲ. ಹಾಲುಹಲ್ಲು ಬೀಳುವ ಮೊದಲೇ ಕಂಡಿಕಿಗೆ ನೂಲು ಸುತ್ತಲು ಕೂತವಳು, ಮದುವೆಯಾಗಿ ಬಂದ ಮೇಲೆ ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ನೇಯ್ದವಳು. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವುದರಲ್ಲಿ ಅವಳನ್ನು ಸರಿಗಟ್ಟುವವರು ಆ ಓಣಿಯಲ್ಲಿರಲಿಲ್ಲ. ಹಿಂದೊಮ್ಮೆ ಅಂಬಿಗೆ ವಿಷಮಜ್ವರ ಬಂದು ಹುನಗುಂದದ ದವಾಖಾನೆಯಲ್ಲಿ ಮಲಗಿಸಿದ್ದಾಗ, ಬಿಳಿ ಕೋಟು ತೊಟ್ಟ ಹರೆಯದ ಹೆಣ್ಣುಮಗಳೊಬ್ಬಳು ಒಳಗೆ ಬಂದದ್ದನ್ನೂ, ಬಾಜೂ ಕಾಟಿನ ಮೇಲಿದ್ದ ಗೌಡ ಎದ್ದು ಕೂತು ಕೈಮುಗಿದದ್ದನ್ನೂ ಅವಳು ಕಣ್ಣಾರೆ ಕಂಡಿದ್ದಳು. ಅಂದಿನಿಂದ ಅವಳ ತಲೆಯಲ್ಲಿ ಅದೊಂದೇ ಹುಳ. ತನ್ನ ಮಗಳು ಅಂಥವಳಾಗಬೇಕು.

ಸಾಲಿಯ ಸುದ್ದಿ ತಂದವಳು ಇಂದ್ರಾಬಾಯಿ, ಶಿವಸಂಗಪ್ಪನ ತಂಗಿ. ಮ್ಯಾಟ್ರಿಕ್ ಪಾಸಾದವಳು. ಬಾದಾಮಿಗೆ ಕೊಟ್ಟಿದ್ದರು, ಗಂಡ ಕಚೇರಿಯಲ್ಲಿ ಕಾರಕೂನ. ಬಂದಾಗಲೆಲ್ಲ ಪರ್ಸು ತೊಡೆಯ ಮೇಲಿಟ್ಟುಕೊಂಡೇ ಕೂಡುತ್ತಿದ್ದಳು.

"ಬಾಗಲಕೋಟಿ ಸ್ಟೇಷನ್ ರೋಡಿನ್ಯಾಗ ಒಂದು ಖಾಸಗಿ ಹೈಸ್ಕೂಲ ಐತಿ ವೈನಿ. ಇಂಗ್ಲಿಷಿನ್ಯಾಗ ಕಲಸ್ತಾರ. ಅಲ್ಲಿ ಓದಿದ ಹುಡುಗ್ಯಾರು ಹುಬ್ಬಳ್ಳಿಗೆ ಹೋಗಿ ಡಾಕ್ಟರಕಿ ಕಲಿಯಾಕ ಹತ್ಯಾರ."

ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆ ಬಾಳವ್ವ ಕೈ ನಿಲ್ಲಿಸಿದಳು.

"ಹಾಸಿಗಿ ಇದ್ದಷ್ಟು ಕಾಲ ಚಾಚಬೇಕು. ಸರಕಾರಿ ಸಾಲಿ ಏನ್ ಸುಟ್ಟು ಹೋಗೇತೇನು?"

"ಸರಕಾರಿ ಸಾಲ್ಯಾಗ ಸೈನ್ಸ್ ಕಲಸವ್ರ ಇಲ್ಲಂತ ಅತ್ತಿ," ಅಂದಳು ಸಿದ್ದವ್ವ.

"ಸೈನ್ಸ್ ಇಲ್ಲದ ನಾ ಏಳು ಮಂದಿ ಹಡದೇನಿ."

"ಹಡದ್ರಿ ಖರೆ. ಉಳದವರೆಷ್ಟು?"

ಉಳಿದವರು ಇಬ್ಬರು, ಇಬ್ಬರೂ ಅಲ್ಲೇ ಕೂತಿದ್ದರು. ಬಾಳವ್ವ ಅಂದು ಸೊಸೆ ಹಾಕಿದ ಊಟ ಮುಟ್ಟಲಿಲ್ಲ. ಸಿದ್ದವ್ವನಿಗೂ ಆಡಬಾರದ್ದು ಆಡಿದೆ ಅನ್ನಿಸಿತು. ಆದರೆ ಮಗಳ ಸಾಲಿಯ ಮಾತು ಬಂದರೆ ಅವಳ ನಾಲಿಗೆಗೆ ಲಗಾಮು ಇರುತ್ತಿರಲಿಲ್ಲ.

ಬಾಗಲಕೋಟೆಯಲ್ಲಿ ಜಲಾಲುದ್ದೀನ ಎಂಬುವವರ ಮನೆ ಬಾಡಿಗೆಗೆ ಸಿಕ್ಕಿತು. ಮಣ್ಣಿನ ಮೇಲ್ಮುದ್ದೆಯ ಹಳೇ ಮನೆ. ಮೊದಲ ಮಳೆಗೇ ಅಡುಗೆಮನೆ ಸೋರಿತು. ಶಿವಸಂಗಪ್ಪ ಹೋಗಿ ಕೇಳಿದರೆ ಮಾಲೀಕರು ನಕ್ಕರು.

"ಡ್ಯಾಮಿನ ನೀರು ಬಂತಂದ್ರ ಈ ಊರೇ ಮುಳಗತೈತಿ ತಮ್ಮಾ. ಮುಳಗೋ ಮನೀಗೆ ಯಾರರ ರೊಕ್ಕಾ ಸುರೀತಾರೇನು?"

ಹಾಗಂತ ಕುಣಿಮಗ್ಗಕ್ಕೆ ತಗ್ಗು ತೋಡುತ್ತೇವೆಂದರೂ ಬೇಡ ಅಂದರು. ಮುಳುಗುವ ಮನೆಯಲ್ಲಿ ಒಂದು ತಗ್ಗು ಬಿದ್ದರೆ ಏನು ಕೊಳ್ಳೆ ಹೋಗುತ್ತದೋ ಆ ಶಿವನೇ ಬಲ್ಲ. ಮಗ್ಗವಿಲ್ಲದ ಮನೆಯಲ್ಲಿ ಸಿದ್ದವ್ವನ ಕೈಗಳು ಕೆಲಸ ಹುಡುಕಿದವು. ರಾಚಯ್ಯನ ಖಾನಾವಳಿಗೆ ದಿನಾ ರೊಟ್ಟಿ ಬಡಿದುಕೊಡುವುದೆಂದು ಮಾತಾಯಿತು. ಸಾಲಿಯ ಫೀ ಅದರಲ್ಲೇ ಆಗಬೇಕು ಎಂದು ಅವಳೇ ಹೇಳಿದಳು.

ಒಂದು ಸಂಜೆ ಶಿವಸಂಗಪ್ಪ ಅಂಗಡಿಯಿಂದ ಬಂದವನೇ ಅಂದ, "ನಾಳೆ ಇಳಕಲ್ಲಿಗೆ ಹೋಗಿ ಬಾ. ಮಗ್ಗದ ಸಾಮಾನು ತಗೊಳ್ಳಾಕ ಹುಚ್ಚೇಶ ಒಪ್ಯಾನ. ಅಳೀಕಿ, ಹಲಗಿ, ಲಾಳಿ ಎಲ್ಲಾ ನೋಡಿ ಅವನ ಕೈಗೆ ಹಾಕಿ ಬಾ. ನಿನಗ ಗೊತ್ತಾದಂಗ ನನಗ ಗೊತ್ತಾಗೂದಿಲ್ಲ."

"ನಾಳೆ ಅಂಬಿನ ಸಾಲಿಗೆ ಸೇರಸೂದಲ್ಲೇನ್ರಿ?"

"ಅದಕ್ಕ ತಂದಿ ಒಬ್ಬ ಬಂದ್ರ ಸಾಕಂತ."

ಸಿದ್ದವ್ವ ಹೋದಳು. ತಾನು ಕಾಲು ಇಳಿಬಿಟ್ಟು ಕೂಡುತ್ತಿದ್ದ ಜಾಗ ಬಿಟ್ಟು ಹಲಗೆಗಳೆಲ್ಲ ಗಾಡಿ ಏರಿದಾಗ ಕಣ್ಣಲ್ಲಿ ನೀರು ಬಂತು. ಹುಚ್ಚೇಶ, ಮೈದುನನ ವರಸೆಯವನು, "ಯಾಕ ವೈನಿ ಅಳತಿ? ಮಗಳು ಡಾಕ್ಟರ ಆಗತಾಳ, ನೀ ನಮಗೆಲ್ಲಾ ಪುಕ್ಕಟಿ ಸೂಜಿ ಹಾಕಸ್ತಿ," ಎಂದು ನಗಿಸಿದ. ಅವಳು ಅಳುತ್ತಲೇ ನಕ್ಕಳು.

ಸಂಜೆಯ ಬಸ್ಸಿಗೆ ತಿರುಗಿ ಬಂದರೆ ಮನೆಯಲ್ಲಿ ಪೇಡೆಯ ಪೊಟ್ಟಣ ಬಿಚ್ಚಿತ್ತು. ಇಂದ್ರಾಬಾಯಿ ಬಾದಾಮಿಯಿಂದ ಬಂದಿದ್ದಳು. ಸುಮ್ಮನೆ ಬಂದೆ ಅಂದಳು. ಶಿವಸಂಗಪ್ಪ ಹೆಂಡತಿಯ ಬಾಯಿಗೆ ತಾನೇ ಪೇಡೆ ಇಟ್ಟ.

"ಸೀಟ ಸಿಕ್ಕತು. ಹೆಸರು ಅಂಬಿಕಾ ಅಂತ ಬರಸೇವಿ. ಅಂಬವ್ವ ಅಂದ್ರ ಅಲ್ಲಿ ನಗತಾರ."

ಮುತ್ತಜ್ಜಿಯ ಹೆಸರು ಹೋಯಿತಲ್ಲ ಎಂದು ಸಿದ್ದವ್ವನಿಗೆ ಒಂದು ಗಳಿಗೆ ಕಸಿವಿಸಿ ಆಯಿತು. ಆಮೇಲೆ ಓಣಿಯ ನಾಲ್ಕು ಮನೆಗೆ ಸಕ್ಕರೆ ಹಂಚಿ ಬಂದಳು.

ಸಾಲಿ ಶುರುವಾಯಿತು. ಬಿಳಿ ಅಂಗಿಗೆ ನೀಲಿ ಹಾಕಿ ಹಿಂಡುವುದು, ತಾಮ್ರದ ಚಂಬಿನಲ್ಲಿ ಕೆಂಡ ತುಂಬಿ ಇಸ್ತ್ರಿ ಮಾಡುವುದು, ಎರಡು ಜಡೆ ಹೆಣೆದು ರಿಬ್ಬನ್ನು ಕಟ್ಟುವುದು, ಇವೆಲ್ಲ ಮುಗಿಸಿ ಖಾನಾವಳಿಯ ರೊಟ್ಟಿಗೆ ಕೂಡುವುದು. ಮಧ್ಯಾಹ್ನ ಬಿಸಿ ಡಬ್ಬಿ ಹಿಡಿದು ಸ್ಟೇಷನ್ ರೋಡಿಗೆ ನಡೆಯುವುದು. ಎರಡನೇ ದಿನವೇ ಅಂಬಿ ಹೇಳಿದ್ದಳು.

"ಯವ್ವಾ, ಸಾಲಿತನಕ ಬರಬ್ಯಾಡ. ಮೂಲಿಗೇ ನಿಂದರು. ನಾನ ಬಂದು ತಗೋತೇನಿ."

"ಯಾಕ? ಒಳಗ ಬಂದ್ರ ಬೈತಾರೇನು?"

"ಹೂಂ."

ಹುಡುಗಿ ದೊಡ್ಡ ಸಾಲಿಯ ರೀತಿ ಕಲಿಯುತ್ತಿದ್ದಾಳೆ ಎಂದುಕೊಂಡು ಸಿದ್ದವ್ವ ಮೂಲೆಯ ಬೇವಿನ ಗಿಡದ ಕೆಳಗೆ ನಿಂತಳು. ಮಳೆಯಲ್ಲೂ ನಿಂತಳು. ಹುಚ್ಚು ಹೆಂಗಸು, ಒಂದು ದಿನವೂ ಅನುಮಾನಪಡಲಿಲ್ಲ.

ಪಂಚಮಿ ಬಂತು. ಇಂದ್ರಾಬಾಯಿ ತವರಿಗೆ ಬಂದಳು. ತೊಲೆಗೆ ಜೋಕಾಲಿ ಕಟ್ಟಿದರು. ಶಿವಸಂಗಪ್ಪ ತಂಗಿಗೆ ಕೊಬ್ಬರಿ ಕುಬಸ ಕೊಟ್ಟ. ಸಿದ್ದವ್ವ ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ತಂಬಿಟ್ಟು ಎಲ್ಲ ಕಟ್ಟಿದಳು. ಇಳಕಲ್ಲಿನ ಅವರ ಓಣಿಯಲ್ಲಿ ಪಂಚಮಿ ಉಂಡಿ ಮೊದಲು ಹೋಗುತ್ತಿದ್ದದ್ದು ಮಾಸ್ತರರ ಮನೆಗೆ. ಮಾಸ್ತರರ ಬಾಯಿ ಸಿಹಿಯಾಗದೆ ಹುಡುಗರಿಗೆ ವಿದ್ಯೆ ಹತ್ತುವುದಿಲ್ಲ ಎಂದು ನೇಕಾರರ ನಂಬಿಕೆ. ಸಾಲಿ ಸೇರಿಸಿ ಇಷ್ಟು ದಿನವಾದರೂ ಕಲಿಸುವವರ ಮುಖ ನೋಡಿಲ್ಲ, ಇದೆಂಥ ತಾಯಿತನ ಎಂದು ಅವಳಿಗೆ ಅನ್ನಿಸಿತು. ಹಬ್ಬದ ಮರುದಿನ ಅಂಬಿ ಸಾಲಿಗೆ ಹೋದ ಮೇಲೆ, ಯಾರಿಗೂ ಹೇಳದೆ, ಹಿತ್ತಾಳೆ ಡಬ್ಬಿಯಲ್ಲಿ ಉಂಡಿ ತುಂಬಿ ಸೆರಗು ಹೊದ್ದು ಹೊರಟಳು. ಬೇವಿನ ಗಿಡ ದಾಟಿ ಮೊದಲ ಸಲ ಆ ಗೇಟಿನೊಳಗೆ ಕಾಲಿಟ್ಟಳು.

ಜವಾನ ನಜೀರಸಾಬ ಅವಳನ್ನು ಸಾಲಿಯ ಮುಖ್ಯಸ್ಥೆ ಹೆಡ್ ಬಾಯಾರ ಕೋಣೆಗೆ ಬಿಟ್ಟ. ಕನ್ನಡಕದ ಹೆಂಗಸು ತಲೆಯೆತ್ತಿದರು.

"ಅಂಬಿಕಾನ ಮನಿಯಿಂದ ಬಂದೇನ್ರಿ. ತಮಗ ಪಂಚಮಿ ಉಂಡಿ ತಂದೇನ್ರಿ."

ಬಾಯಾರ ಮುಖ ಅರಳಿತು. "ಇಂದ್ರಾಬಾಯಿಯವರು ಕಳಿಸಿದ್ರೇನು? ಎಂಥಾ ಚೊಲೋ ಹೆಣ್ಣಮಗಳವಾ ಆಕಿ. ಅಡ್ಮಿಶನ್ ದಿನ ಎಷ್ಟು ಚಂದ ಮಾತಾಡಿದ್ರು. ತಾಯಿ ಹಂಗ ಓದಿದಾಕಿ ಇದ್ರನ ನಾವು ಸೀಟ ಕೊಡೋದು. ಮನ್ಯಾಗ ಅಭ್ಯಾಸ ಹೇಳಿಕೊಡವ್ರ ಇಲ್ಲಂದ್ರ ಇಲ್ಲಿ ಹುಡುಗ್ಯಾರು ಹಿಂದ ಬೀಳ್ತಾರ."

ಸಿದ್ದವ್ವನಿಗೆ ಮೊದಲು ತಿಳಿಯಲೇ ಇಲ್ಲ. "ಯಾರ ತಾಯಿರಿ?" ಅಂದಳು.

"ಅಂಬಿಕಾನ ತಾಯಿ. ನೀ ಅವರ ಮನ್ಯಾಗ ಕೆಲಸಕ್ಕ ಇರೋ ಸಿದ್ದವ್ವ ಅಲ್ಲೇನು? ದಿನಾ ಡಬ್ಬಿ ಹಿಡಕೊಂಡು ಆ ಗಿಡದ ಕೆಳಗ ನಿಂದರಾಕಿ ಯಾರಂತ ನಾ ಕೇಳಿದ್ದೆ. ಅಂಬಿಕಾನ ಹೇಳಿದ್ಲು."

ನೆಲ ಬಿರಿದು ನುಂಗಬಾರದೇ ಅನ್ನಿಸಿತು ಅವಳಿಗೆ. ಆಕೆಯನ್ನು ಹಡೆದವಳು ನಾನು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆಡಿದರೆ ಇವತ್ತೇ ಮಗಳ ಹೆಸರು ಕಡಿಯುತ್ತಾರೆ, ವರ್ಷದ ನಡುವೆ ಬೇರೆ ಯಾವ ಸಾಲಿಯೂ ಸೇರಿಸಿಕೊಳ್ಳುವುದಿಲ್ಲ. ಅಷ್ಟು ಬುದ್ಧಿ ಆ ಹೊತ್ತಿನಲ್ಲೂ ಅವಳಿಗೆ ಓಡಿತು. "ಹೌದ್ರಿ," ಅಂದಳು. ಉಂಡಿಯನ್ನು ಮೇಜಿನ ಮೇಲೆ ಹಾಸಿದ ಕಾಗದಕ್ಕೆ ಸುರಿದು, ಬರಿ ಡಬ್ಬಿ ಹಿಡಿದು ಹೊರಗೆ ಬಂದಳು.

ಮನೆಯಲ್ಲಿ ಇಂದ್ರಾಬಾಯಿ ಜೋಕಾಲಿಯಲ್ಲಿ ಕೂತು ತಂಬಿಟ್ಟು ತಿನ್ನುತ್ತಿದ್ದಳು. ಬಾಳವ್ವ ಹಿಂದಿನಿಂದ ಮೆಲ್ಲಗೆ ತೂಗುತ್ತಿದ್ದಳು. ಸಿದ್ದವ್ವ ಹೋಗಿ ಹಗ್ಗ ಹಿಡಿದು ನಿಲ್ಲಿಸಿದಳು.

"ಇಳಿ ಇಂದ್ರಾ. ಅಂಬಿಕಾನ ತಾಯಿ ಹಿಂಗ ಜೋಕಾಲಿ ಆಡಿದ್ರ ಸಾಲ್ಯಾನವ್ರು ನಗತಾರ."

ಇಂದ್ರಾಬಾಯಿ ತಂಬಿಟ್ಟು ಗಂಟಲಲ್ಲಿ ಸಿಕ್ಕು ಕೆಮ್ಮಿದಳು.

"ವೈನಿ, ಅಣ್ಣ ಕೈಕಾಲು ಹಿಡದ. ತಾಯಿ ಓದಿದಾಕಿ ಇರಬೇಕಂತ ಅಲ್ಲಿ ರೂಲ್ಸ ಐತಿ. ಒಂದ್ ತಾಸಿನ ಮಾತು ಅಂದ. ನಾ ಏನ್ ಬೇಕಂತ ಹೋದೆನೇನು?"

"ಒಂದ್ ತಾಸಿನ್ಯಾಗ ತಾಯಿ ಆದಿ. ನನಗ ಒಂಬತ್ತು ತಿಂಗಳು ಬೇಕಾತವಾ."

"ಆಕಿನ್ಯಾಕ ಬೈತಿ?" ಬಾಳವ್ವ ನಡುವೆ ಬಾಯಿ ಹಾಕಿದಳು. "ನಾ ಸರಕಾರಿ ಸಾಲಿ ಅಂದೆ. ಅದ ಸಾಲಿನ ಬೇಕಂತ ಹಟ ಹಿಡದಾಕಿ ಯಾರು? ಬೇಡಿದ್ದು ಸಿಕ್ಕೈತಿ, ಈಗ ಉಣ್ಣು."

"ನಿಮಗೂ ಗೊತ್ತಿತ್ತೇನು ಅತ್ತಿ?"

"ಗೊತ್ತಿತ್ತು. ಅವತ್ತ ಇಂದ್ರಾನ ಸೀರಿ ನಿರಿಗಿ ಹಿಡದಾಕಿ ನಾನ."

ಸಿದ್ದವ್ವ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಒಬ್ಬರಲ್ಲ ಇಬ್ಬರಲ್ಲ, ಮನೆಗೆ ಮನೆಯೇ ಕೂಡಿ ತನ್ನನ್ನು ಹೊರಗಿಟ್ಟಿತ್ತು. ತಾನು ಇಳಕಲ್ಲಿನಲ್ಲಿ ಮಗ್ಗದ ಹಲಗೆ ಎಣಿಸಿ ಕೊಡುತ್ತಿದ್ದ ಹೊತ್ತಿಗೆ ಇಲ್ಲಿ ಸೀರೆಯ ನಿರಿಗೆ ಹಿಡಿಯುತ್ತಿದ್ದರು. ಖಾನಾವಳಿಯ ಹುಡುಗ ರೊಟ್ಟಿ ಕೇಳಲು ಬಂದ. ಇವತ್ತು ರೊಟ್ಟಿ ಇಲ್ಲ ಹೋಗು ಎಂದು ಗದರಿ ಕಳಿಸಿದಳು.

ಸಂಜೆ ಶಿವಸಂಗಪ್ಪ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ. ತಾಟು ಬರಲಿಲ್ಲ. ಎಲ್ಲ ಗೊತ್ತಾಗಿದೆ ಎಂದು ತಾಯಿ ಕಣ್ಸನ್ನೆ ಮಾಡಿದಳು.

"ನಿನಗ ಹೇಳಿದ್ರ ನೀ ಒಪ್ಪತಿದ್ದಿಲ್ಲ," ಅಂದ ಅವನು ಗೋಡೆ ನೋಡುತ್ತ.

"ಅಷ್ಟ ನೋಡ್ರಿ ನಿಮಗ ತಿಳೀಲಿಲ್ಲ. ಹೇಳಿದ್ರ ಒಪ್ಪತಿದ್ದೆ. ಮಗಳ ಸಲುವಾಗಿ ಕೆಲಸದಾಕಿ ಆಗು ಅಂದ್ರ ಕೆಲಸದಾಕಿ ಆಗತಿದ್ದೆ. ಇಂದ್ರಾಗ ನಾನ ಕುಂಕುಮ ಹಚ್ಚಿ ಕಳಸ್ತಿದ್ದೆ. ನನ್ನ ಮಗ್ಗ ಕೊಡಾಕ ನನ್ನನ್ನ ಕಳಿಸಿ, ಹಿಂದ ಇನ್ನೊಬ್ಬ ಅವ್ವನ ತಂದ್ರಿ. ಬಂದ ಮ್ಯಾಲೆ ಪೇಡೆ ತಿನಿಸಿದ್ರಿ."

"ಮೆತ್ತಗ ಮಾತಾಡು. ಮಂದಿ ಕೇಳತಾರ."

"ಕೇಳಲಿ. ಕೆಲಸದಾಕಿ ಜಗಳಾಡಾಕ ಹತ್ಯಾಳ ಅಂತ ಹೇಳ್ರಿ. ಪಗಾರ ಕೊಟ್ಟಿಲ್ಲ ಅಂತ ಹೇಳ್ರಿ."

ಶಿವಸಂಗಪ್ಪ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಅಂಗಿ ಹಾಕಿಕೊಂಡು ಹೊರಗೆ ಹೋದ. ರಾಚಯ್ಯನ ಖಾನಾವಳಿಯಲ್ಲೇ ಉಂಡು ಬಂದನಂತೆ.

ಅಂಬಿ ಮೂಲೆಯಲ್ಲಿ ಪುಸ್ತಕ ಎದೆಗವಚಿಕೊಂಡು ಕೂತಿದ್ದಳು. ಎಲ್ಲರ ಮೇಲೂ ಹರಿಹಾಯ್ದ ಸಿದ್ದವ್ವ ಈ ಹುಡುಗಿಗೆ ಮಾತ್ರ ತಾಟು ಹಾಕಿ ಮುಂದೆ ಸರಿಸಿದಳು. ಕಡೆಗೆ ಅಂಬಿಯೇ ಬಂದು ತೊಡೆಯ ಮೇಲೆ ತಲೆಯಿಟ್ಟಳು.

"ಯವ್ವಾ, ಮೊದಲ ಅಪ್ಪ ಹೇಳಿಕೊಟ್ಟಿದ್ದ. ಆಮ್ಯಾಲೆ ಬಾಯಾರು ಕೇಳಿದಾಗ ನನ್ನ ಬಾಯಿಂದ ಹಂಗ ಬಂದುಬಿಡ್ತು. ನೀ ಅಲ್ಲಿಗೆ ಹೋಗಿ ಏನೂ ಹೇಳಬ್ಯಾಡ. ಹೆಸರು ಕಡದ್ರ ನಾ ಸಾಯ್ತೇನಿ."

"ನಾ ಹೇಳೂದಿಲ್ಲ. ಹೇಳೂದಿದ್ರ ಅಲ್ಲೇ ಹೇಳತಿದ್ದೆ."

"ನಾನ ಹೇಳತೇನಿ. ಪರೀಕ್ಷಾದಾಗ ಮೊದಲ ನಂಬರ ಬರತೇನಿ ನೋಡು, ಆವಾಗ ನನ್ನ ಸಾಲಿಯಿಂದ ತಗಿಯಾಕ ಆಗೂದಿಲ್ಲ. ಆವಾಗ ಬಾಯಾರ ಮುಂದ ನಾನ ಹೇಳತೇನಿ, ಈಕಿನ ನಮ್ಮವ್ವ ಅಂತ. ನಿನ್ನ ಆಣಿ."

ಆ ಆಣೆಯೊಂದನ್ನೇ ಹಿಡಿದುಕೊಂಡು ಸಿದ್ದವ್ವ ಮತ್ತೆ ಒಲೆ ಹಚ್ಚಿದಳು. ಗಂಡನೊಡನೆ ಮಾತು ಬಿಟ್ಟಳು. ಅತ್ತೆಗೆ ತಾಟು ಇಟ್ಟು ಸರಿದು ಹೋಗುತ್ತಿದ್ದಳು. ಇಂದ್ರಾಬಾಯಿ ದಸರೆಗೆ ಬರಲಿಲ್ಲ. ಆದರೆ ಮಗಳ ಅಂಗಿಯ ನೀಲಿ ತಪ್ಪಲಿಲ್ಲ, ಮಧ್ಯಾಹ್ನದ ಡಬ್ಬಿ ತಪ್ಪಲಿಲ್ಲ. ಬೇವಿನ ಗಿಡದ ಕೆಳಗೆ ನಿಂತು, ಈ ಹುಡುಗಿ ಕೊಟ್ಟ ಮಾತು ತಪ್ಪಲಾರಳು, ಎಷ್ಟೆಂದರೂ ತನ್ನ ಹೊಟ್ಟೆಯದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆರು ತಿಂಗಳ ಪರೀಕ್ಷೆಯಲ್ಲಿ ಅಂಬಿ ಮೊದಲ ನಂಬರ ಬಂದಳು. ಬಂದ ದಿನ ಸಿದ್ದವ್ವ ಹೋಳಿಗೆ ಮಾಡಿದಳು. ಹುಡುಗಿ ಹೋಳಿಗೆ ತಿಂದಳು, ಆ ಮಾತು ಎತ್ತಲಿಲ್ಲ. ಇವಳೂ ಕೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ನಜೀರಸಾಬ ಸೈಕಲ್ ಹಿಡಿದು ಬಾಗಿಲಿಗೆ ಬಂದ.

"ಅಂಬಿಕಾಗ ಆರಾಮಿಲ್ಲ. ತಾಯಿನ ಕರಕೊಂಡ ಬಾ ಅಂದಾರ ಬಾಯಾರು."

ಸಿದ್ದವ್ವ ಕಲಸಿದ ಹಿಟ್ಟು ಹಾಗೇ ಬಿಟ್ಟು, ಕೈ ಕೂಡ ತೊಳೆಯದೆ ಓಡಿದಳು. ಹೆಡ್ ಬಾಯಾರ ಕೋಣೆಯ ಬಾಜೂ ಕೋಣೆಯಲ್ಲಿ ಬೆಂಚಿನ ಮೇಲೆ ಅಂಬಿ ಮುದುಡಿ ಮಲಗಿದ್ದಳು. ಬಾಗಿಲಲ್ಲಿ ಅವಳ ಗೆಳತಿಯರಿಬ್ಬರು, ಕೆನ್ನೆಗೆ ಪೌಡರು ಹಚ್ಚಿದ ದೊಡ್ಡ ಮನೆತನದ ಹುಡುಗಿಯರು, ಇಣುಕಿ ನೋಡುತ್ತಿದ್ದರು.

"ಗಾಬರಿ ಏನಿಲ್ಲ," ಅಂದರು ಬಾಯಾರು. "ಹುಡುಗಿ ದೊಡ್ಡಾಕಿ ಆಗ್ಯಾಳ. ಆದ್ರ ಇಂಥಾ ಹೊತ್ತಿನ್ಯಾಗ ನೀ ಯಾಕ ಬಂದಿ? ತಾಯಿ ಎಲ್ಲಿ?"

ಸಿದ್ದವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬೆಂಚಿನ ಬಳಿ ಕೂತು ಮಗಳ ಮುಖ ನೋಡಿದಳು. ಬೆವೆತು ಬಿಳಿಚಿದ ಎಳೆ ಮುಖ. ಮೊದಲ ನಂಬರು ಬಂದಾಗಿದೆ. ಬಾಯಾರು ಎದುರಿಗೇ ಇದ್ದಾರೆ. ಇದಕ್ಕಿಂತ ಹೊತ್ತು ಇನ್ನಾವುದು.

"ನೀನ ಹೇಳವಾ," ಅಂದಳು ಮೆಲ್ಲಗೆ. "ಬಾಯಾರು ಕೇಳಾಕ ಹತ್ಯಾರ. ನಿಮ್ಮವ್ವ ಎಲ್ಲಿ ಅದಾಳಂತ ಹೇಳು."

ಅಂಬಿ ಕಣ್ಣು ತೆರೆದಳು. ತಾಯಿಯನ್ನು ನೋಡಿದಳು. ಬಾಯಾರನ್ನು ನೋಡಿದಳು. ಬಾಗಿಲಲ್ಲಿ ನಿಂತ ಗೆಳತಿಯರನ್ನು ನೋಡಿದಳು. ಮೆಲ್ಲಗೆ ಎದ್ದು ಕೂತು ಲಂಗ ಸರಿಮಾಡಿಕೊಂಡಳು.

"ಅಮ್ಮ ಬಾದಾಮಿಗೆ ಹೋಗ್ಯಾಳ್ರಿ ಮೇಡಂ. ನಾಳೆ ಬರ್ತಾಳ." ಆಮೇಲೆ ತಾಯಿಯ ಕಡೆ ತಿರುಗದೆ, ಗೋಡೆಯತ್ತ ಬೆರಳು ತೋರಿಸಿದಳು. "ಸಿದ್ದವ್ವ, ನನ್ನ ಪಾಟೀಚೀಲ ತಗೋ. ಹೋಗೂಣು."

ಹದಿಮೂರು ವರ್ಷ ಸಾಕಿದ ಬಾಯಿಯಿಂದ ತನ್ನ ಹೆಸರು ಅವಳು ಕೇಳಿದ್ದು ಅದೇ ಮೊದಲು. ಗಂಡ ಮಾಡಿದ್ದು, ಅತ್ತೆ ಮಾಡಿದ್ದು, ನಾದಿನಿ ಮಾಡಿದ್ದು ಎಲ್ಲ ಅದರ ಮುಂದೆ ಏನೂ ಅಲ್ಲ ಅನ್ನಿಸಿತು ಸಿದ್ದವ್ವನಿಗೆ. ಅವರು ಬೇರೆ ಮನೆಯ ರಕ್ತ. ಈಕೆ ತನ್ನದೇ.

"ಹಂಗ ಆ ಬೆಂಚೊಂದು ಒರಸಿ ಹೋಗವಾ ಸಿದ್ದವ್ವ," ಅಂದರು ಬಾಯಾರು.

ಸಿದ್ದವ್ವ ನಜೀರಸಾಬನಿಂದ ನೀರು ಬಟ್ಟೆ ಇಸಕೊಂಡು ಬೆಂಚು ಒರೆಸಿದಳು. ಚೀಲ ಹೆಗಲಿಗೆ ಹಾಕಿಕೊಂಡಳು. ತನ್ನ ಸೆರಗನ್ನು ಹಲ್ಲಿನಿಂದ ಕಚ್ಚಿ ಅರ್ಧ ಮಾರು ಹರಿದು ಹುಡುಗಿಯ ಸೊಂಟಕ್ಕೆ ಸುತ್ತಿ, ಕಲೆ ಕಾಣದ ಹಾಗೆ ಮುಚ್ಚಿದಳು.

ಗೇಟು ದಾಟಿ, ಬೇವಿನ ಗಿಡ ದಾಟಿ, ಮೂಲೆ ತಿರುಗಿದ ಮೇಲೆ ಅಂಬಿ ಹಿಂದೆ ಮುಂದೆ ನೋಡಿದಳು. ಪರಿಚಯದವರು ಯಾರೂ ಇರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಹಿಂದಕ್ಕೆ ಕೈ ಚಾಚಿದಳು.

"ಯವ್ವಾ, ಕೈ ಹಿಡಿ. ಕಾಲು ನಡಗಾಕ ಹತ್ಯಾವು."

ಸಿದ್ದವ್ವ ಆ ಕೈ ಹಿಡಿಯದೆ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

"ಮುಂದ ನಡೀರಿ ಅಂಬಿಕಾ ಬಾಯಾರ," ಅಂದಳು. "ನಾ ಹಿಂದ ಬರ್ತೇನಿ."